ಅಂದಾನೆಪ್ಪನ ಕಾಟಾ, ಅಡಿವೆವ್ವನ ಸೊನ್ನೆ

ಸಿದ್ದಾರೂಢನಿಗೆ ಕಂಪ್ಯೂಟರ್ ಬರುವುದಿಲ್ಲ ಎಂದು ಹೇಳುವ ಧೈರ್ಯ ಗಜೇಂದ್ರಗಡದಲ್ಲಿ ಯಾರಿಗೂ ಇರಲಿಲ್ಲ. ಸ್ವತಃ ಸಿದ್ದಾರೂಢನಿಗೂ ಇರಲಿಲ್ಲ. ಹುಬ್ಬಳ್ಳಿಯ ಒಂದು ಕಂಪನಿಗೆ ಅವನು ಮನೆಯ ಮಾಳಿಗೆಯ ಕೋಣೆಯಲ್ಲಿ ಕುಳಿತೇ ಕೆಲಸ ಮಾಡುತ್ತಿದ್ದ. ಆ ಕಂಪನಿ ಯಾವುದೋ ದೇಶದ ಸಾಕುನಾಯಿಗಳಿಗೆ ಊಟ ತರಿಸುವ ಆ್ಯಪ್ ನಡೆಸುತ್ತಿತ್ತು. ಅದರಲ್ಲಿ ‘ಈಗಲೇ ತರಿಸಿ’ ಎಂಬ ಗುಂಡಿ ನೀಲಿ ಇರಬೇಕೋ ಹಳದಿ ಇರಬೇಕೋ ಎಂದು ನೋಡಿಕೊಳ್ಳುವುದು ನಮ್ಮ ಸಿದ್ದಾರೂಢನ ಪಾಲಿನ ಕೆಲಸ. ಓಣಿಯವರಿಗೆ ಇಷ್ಟೆಲ್ಲ ವಿವರ ಬೇಕಿರಲಿಲ್ಲ. ಮಿಕ್ಸರ್ ಸುಟ್ಟರೆ ಅವನ ಹತ್ತಿರ ತರುತ್ತಿದ್ದರು, ಟಿವಿ ಮಂಕಾದರೆ ಅವನನ್ನೇ ಕರೆಯುತ್ತಿದ್ದರು. ಅವನು ಹಣೆ ಗಂಟಿಕ್ಕಿ, ಹಿಂದೆ ಮುಂದೆ ತಿರುಗಿಸಿ ನೋಡಿ, ‘ಇದು ಹಾರ್ಡ್‌ವೇರ್ ಪ್ರಾಬ್ಲೆಮ್’ ಎಂದು ಹಿಂದಕ್ಕೆ ಕೊಡುತ್ತಿದ್ದ. ಇದರಿಂದ ಅವನ ಮೇಲಿನ ಗೌರವ ಹೆಚ್ಚುತ್ತಿತ್ತೇ ಹೊರತು ಮಿಕ್ಸರ್ ತಿರುಗುತ್ತಿರಲಿಲ್ಲ.

ಇಂಥ ಹುಡುಗನನ್ನು ನೋಡಲು ರೋಣದಿಂದ ಅಂದಾನೆಪ್ಪ ಬಂದ. ಅಂದಾನೆಪ್ಪನೆಂದರೆ ಅಬ್ಬಿಗೇರಿ ರಸ್ತೆಯಲ್ಲಿ ಲಾರಿ, ಟ್ರ್ಯಾಕ್ಟರುಗಳನ್ನು ತೂಗುವ ದೊಡ್ಡ ಕಾಟಾದ ಮಾಲೀಕ. ಸುತ್ತಲಿನ ಹಳ್ಳಿಗಳಲ್ಲಿ ಯಾರಾದರೂ ಸುಳ್ಳು ಹೇಳುತ್ತಿದ್ದಾರೆಂದು ಅನುಮಾನ ಬಂದರೆ, ‘ಅಂದಾನೆಪ್ಪನ ಕಾಟಾದ ಮ್ಯಾಲೆ ನಿಂತ ಹೇಳ ನೋಡೂಣು’ ಎನ್ನುವ ಮಾತೇ ಇತ್ತು. ಅಂಥ ಮನುಷ್ಯ ತನ್ನ ಒಬ್ಬಳೇ ಮಗಳು ಶಾಂಭವಿಯನ್ನು ಕೊಡಲು ಬಂದು, ಉಪ್ಪಿಟ್ಟು ತಿಂದು, ಚಹಾದ ಬಟ್ಟಲು ಕೆಳಗಿಟ್ಟು ಹೇಳಿದ:

“ನಮ್ಮ ಕಾಟಾದಾಗೂ ಒಂದ ಕಂಪ್ಯೂಟರ್ ಐತ್ರಿ. ಭಾಳ ಹಳೇದು. ಇತ್ತಿತ್ಲಾಗ ನಡುನಡುವ ಮಕ್ಕೊಂಡಬಿಡತೈತಿ.”

ಸಿದ್ದಾರೂಢ ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ಅವನ ತಾಯಿ ನೀಲವ್ವನ ದನಿ ಬಂತು. “ಅದೇನ ದೊಡ್ಡ ಮಾತ್ರೀ ಬೀಗರ? ನಮ್ಮ ಸಿದ್ದೂನ ಕೈ ಹತ್ತಿದ್ರ ಸಾಕು, ಸತ್ತ ಕಂಪ್ಯೂಟರ್ ಎದ್ದ ಕುಂದರತಾವ!”

ಬುದ್ಧಿ ಇದ್ದವನಾದರೆ ಇಲ್ಲಿಯೇ ನಾಯಿ, ಊಟ, ಗುಂಡಿಗಳ ವಿಷಯ ಹೇಳಿ ಪಾರಾಗುತ್ತಿದ್ದ. ಆದರೆ ಸಿದ್ದಾರೂಢನ ಕೈಯಲ್ಲಿ ಆಗ ಶಾಂಭವಿಯ ಫೋಟೋ ಇತ್ತು. ಫೋಟೋ ಹಿಡಿದವನಿಗೆ ಬುದ್ಧಿ ಎಲ್ಲಿಂದ ಬರಬೇಕು? “ಎಲ್ಲಾ ಹೊಸಾದು ಮಾಡಿ ಕ್ಲೌಡ್‌ಗೆ ಹಾಕಿಬಿಡೂಣ್ರಿ ಮಾಮಾರ” ಎಂದುಬಿಟ್ಟ. ಕ್ಲೌಡ್ ಎಂದರೇನೆಂದು ಕೂತವರಲ್ಲಿ ಒಬ್ಬರೂ ಕೇಳಲಿಲ್ಲ. ಕೇಳಿದರೆ ತಮಗೆ ಗೊತ್ತಿಲ್ಲವೆಂಬುದು ಗೊತ್ತಾಗುತ್ತದಲ್ಲ!

“ಹಂಗಾರ ಮುಂದಿನ ಶುಕ್ರಾರ ನಿಶ್ಚಯ. ನಮ್ಮ ಮನಿ ಕಾಟಾದ ಹಿಂದ ಐತಿ. ಬಂದ ಬೀಗರೆಲ್ಲ ಹೊಸಾ ಕಾಟಾ ನೋಡಿನ ಊಟಕ್ಕ ಕುಂದರಬೇಕು, ಏನಂತೀರಿ ಅಳಿಯಂದಿರ?” ಎಂದ ಅಂದಾನೆಪ್ಪ.

ಅವನು ‘ಅಳಿಯಂದಿರ’ ಎಂದದ್ದನ್ನು ಓದುಗರು ದಯವಿಟ್ಟು ನೆನಪಿಡಬೇಕು. ಮುಂದೆ ಈ ಕಥೆಯಲ್ಲಿ ಸಿದ್ದಾರೂಢನ ಗತಿ ಎಲ್ಲಿಗೆ ಬಂತೆಂದು ತಿಳಿಯಲು ಆ ಒಂದು ಮಾತನ್ನು ನೋಡಿಕೊಂಡರೆ ಸಾಕು.

ಸೋಮವಾರ ಬೆಳಿಗ್ಗೆ ಸಿದ್ದಾರೂಢ ಲ್ಯಾಪ್‌ಟಾಪ್ ಹೆಗಲಿಗೇರಿಸಿಕೊಂಡು ರೋಣಕ್ಕೆ ಬಂದಿಳಿದ. ಕಡಲೆ ಸುಗ್ಗಿ. ಕಾಟಾದ ಮುಂದೆ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದವು. ಒಳಗೆ, ಅರಿವೆ ಹೊದಿಸಿಕೊಂಡು ಕುಳಿತಿತ್ತು ಆ ಕಂಪ್ಯೂಟರ್. ಕರಿ ಪರದೆಯ ಮೇಲೆ ಹಸಿರು ಅಕ್ಷರ. ಗುಂಡಿಗಳ ಮೇಲಿನ ಅಕ್ಷರಗಳು ಸವೆದು ಯಾವುದು ಯಾವುದೆಂದು ದೇವರಿಗೂ ಕಾಟಾದಲ್ಲಿ ಚೀಟಿ ಬರೆಯುವ ಮದರಸಾಬನಿಗೂ ಮಾತ್ರ ಗೊತ್ತು. ದಿನಾ ಬೆಳಿಗ್ಗೆ ಅದು ತಾನಿನ್ನೂ ಎಂಬತ್ತನೆಯ ಇಸವಿಯಲ್ಲೇ ಇದ್ದೇನೆಂದು ನಂಬಿ ಏಳುತ್ತಿತ್ತು. ಮದರಸಾಬ ಒಂದೇ ಬೆರಳಿನಿಂದ ಇವತ್ತಿನ ತಾರೀಖು ಕುಟ್ಟಿ ಅದಕ್ಕೆ ಲೋಕಜ್ಞಾನ ಕೊಡಬೇಕು. ಸಿದ್ದಾರೂಢನ ಬಲಗೈ ಅಭ್ಯಾಸಬಲದಿಂದ ಮೌಸ್ ಹುಡುಕುತ್ತ ಬರಿ ಮೇಜನ್ನು ಸವರಿತು. ಮದರಸಾಬ ಅದನ್ನು ತಪ್ಪು ತಿಳಿದು ಆ ಜಾಗದಲ್ಲಿ ಒಂದು ಚಹಾ ತಂದಿಟ್ಟ.

“ಅದಕ್ಕ ಜೋರ ಒತ್ತಬಾರದ್ರಿ. ಸಿಟ್ಟ ಮಾಡಕೊಂತೈತಿ. ಮೊದಲ ಬೋಣಿಗಿ ಆಗಲಿ, ಆಮ್ಯಾಲೆ ನೋಡಿರಂತ” ಎಂದ ಮದರಸಾಬ.

ಬೋಣಿಗೆಯ ಕ್ರಮ ಹೀಗಿತ್ತು. ಅಂದಾನೆಪ್ಪನ ತಾಯಿ ಅಡಿವೆವ್ವ, ಮೊಮ್ಮಗಳಿಗೂ ಮದರಸಾಬನಿಗೂ ಊರಿಗೂ ‘ಆಯಿ’, ಕೋಲೂರಿಕೊಂಡು ಬಂದು ಬಾಗಿಲ ಹತ್ತಿರದ ಹೊರಸಿನ ಮೇಲೆ ಕೂರುತ್ತಿದ್ದಳು. ಕಾಟಾದ ಮೇಲೆ ಒಂದು ನರಪಿಳ್ಳೆ ಇರುತ್ತಿರಲಿಲ್ಲ. “ಬೋಣಿಗಿ ಮಾಡ್ಲೇನಾಯೀ?” ಎಂದು ಮದರಸಾಬ ಕೇಳುವುದು, “ಮಾಡಪಾ” ಎಂದು ಆಯಿ ಹೇಳುವುದು. ಅವನು ಅವಳ ಹೆಸರು ಕುಟ್ಟಿದರೆ ಪ್ರಿಂಟರು ಹಲ್ಲು ಕಡಿದಂತೆ ಕರಕರ ಸದ್ದು ಮಾಡಿ ಒಂದು ಚೀಟಿ ಉಗುಳುತ್ತಿತ್ತು: ಅಡಿವೆವ್ವ, ತೂಕ ಸೊನ್ನೆ. ಅದನ್ನವಳು ಎರಡೂ ಕೈಯಿಂದ ಇಸಿದುಕೊಂಡು, ಕಣ್ಣಿಗೊತ್ತಿಕೊಂಡು, ಎಲೆ ಅಡಿಕೆಯ ಚೀಲದಲ್ಲಿ ಇಟ್ಟುಕೊಳ್ಳುತ್ತಿದ್ದಳು. ಮಧ್ಯಾಹ್ನ ಅದರಲ್ಲೇ ತಂಬಾಕು ಕಟ್ಟುತ್ತಿದ್ದಳು, ಆ ಮಾತು ಬೇರೆ. ಅವಳ ಚೀಟಿ ಆದಮೇಲೆಯೇ ಮೊದಲ ಗಾಡಿ ಕಾಟಾ ಹತ್ತಬೇಕು.

ಈ ಪದ್ಧತಿ ಹಾಕಿಕೊಟ್ಟವರು ಶಿವನಪ್ಪ ಮಾಸ್ತರರು. ಹಿಂದೆ ರೋಣದಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ ಅವರೇ ಈ ಕಾಟಾದ ಪ್ರೋಗ್ರಾಮು ಬರೆದವರು. ‘ದಿನಾ ಮೊದಲನೇ ಚೀಟಿ, ಖಾಲಿ ಕಾಟಾ, ನಿಮ್ಮವ್ವನ ಹೆಸರು. ಇದನ್ನ ತಪ್ಪಸಬ್ಯಾಡ್ರಿ’ ಎಂದು ಹೇಳಿ, ಕೆಲವು ವರ್ಷಗಳಲ್ಲಿ ಕಾಲವಾದರು. ಯಾಕೆ ಎಂದು ಯಾರೂ ಕೇಳಿರಲಿಲ್ಲ. ತಾಯಿಯ ಹೆಸರು ಹೇಳುವುದಕ್ಕೂ ಕಾರಣ ಬೇಕೇ?

ಸಿದ್ದಾರೂಢ ಮನಸ್ಸಿನಲ್ಲೇ ನಕ್ಕ. ಎರಡು ದಿನ ಕುಳಿತು ಹಳೆಯದರಲ್ಲಿದ್ದದ್ದನ್ನೆಲ್ಲ ಲ್ಯಾಪ್‌ಟಾಪಿಗೆ ಇಳಿಸಿಕೊಂಡ. ಗುರುತಿನ ಗಾಡಿಗಳ ಖಾಲಿ ತೂಕವೆಲ್ಲ ಅದರಲ್ಲಿ ಮೊದಲೇ ಇತ್ತು. ತುಂಬಿದ ಗಾಡಿಯನ್ನು ಒಮ್ಮೆ ತೂಗಿದರೆ, ಗಾಡಿಯ ತೂಕ ಕಳೆದು ಮಾಲಿನ ತೂಕ ಅದೇ ಹೇಳುತ್ತಿತ್ತು. ಅದನ್ನು ಇಟ್ಟುಕೊಂಡ. ಆದರೆ ವರ್ಷಗಟ್ಟಲೆ, ದಿನ ತಪ್ಪದೆ, ಅಡಿವೆವ್ವ ಸೊನ್ನೆ, ಅಡಿವೆವ್ವ ಸೊನ್ನೆ ಎಂದು ತುಂಬಿಕೊಂಡಿತ್ತಲ್ಲ, ಅದನ್ನು ಮಾತ್ರ ತೆಗೆದುಹಾಕಿದ. ನಾಯಿ ಊಟದ ಕಂಪನಿಯಲ್ಲಿ ಇಂಥದ್ದಕ್ಕೆ ಕಸ ಎನ್ನುತ್ತಿದ್ದರು.

ಅದೇ ಸಂಜೆ ಶಾಂಭವಿಯ ಫೋನು ಬಂತು. ಅದು ಅವಳ ಮೊದಲನೆಯ ಫೋನು. ಸಿದ್ದಾರೂಢ ಎದ್ದು ನಿಂತು ಮಾತಾಡಿದ.

“ಅಪ್ಪಾರು ಊರ ತುಂಬ ಹೇಳ್ಕೋತ ಅಡ್ಡ್ಯಾಡಾಕತ್ತಾರ್ರಿ” ಎಂದಳು ಶಾಂಭವಿ. “ನಂದೊಂದ ಮಾತು. ಏನರ ಅಳಸೂದಿದ್ರ ಮೊದಲ ಕೇಳಿ ಅಳಸ್ರಿ.”

“ಏನೂ ಅಳಸಿಲ್ರಿ. ಬರೇ ಕಸಾ ತಗದೇನಿ.”

“ಕಸಾ ಅಂದ್ರ?”

“ಅದ ರೀ, ಸೊನ್ನಿ ತೂಕದ ಚೀಟಿ. ಸಿಸ್ಟಮ್‌ಗೆ ಏನೂ ಉಪಯೋಗಿಲ್ಲದ್ದು.”

“ಅದು ನಮ್ಮ ಆಯೀ ಚೀಟಿ” ಎಂದಳು.

“ಹೌದ್ರಿ. ಅವರಿಗೆ ಬೇಕಾದ್ರ ಒಂದ ಚಂದನ್ನ ಕಲರ್ ಪ್ರಿಂಟ್ ತಗದ, ಫ್ರೇಮ್ ಹಾಕಿಸಿ ಕೊಡೂಣಂತ.”

ಫೋನು ಕಟ್ಟಾಯಿತು. ಸಿದ್ದಾರೂಢ ನೆಟ್‌ವರ್ಕಿಗೆ ಬೈದ.

ಬುಧವಾರ ಹೊಸ ವ್ಯವಸ್ಥೆಗೆ ತೆಂಗಿನಕಾಯಿ ಒಡೆದರು. ಹಳೆಯ ಕಂಪ್ಯೂಟರನ್ನು ಉಳ್ಳಾಗಡ್ಡಿ ಚೀಲಗಳಿದ್ದ ಕೋಣೆಗೆ ಸಾಗಿಸಿದರು. ಹೊರಗಿನ ಗೋಡೆಯ ಮೇಲೆ ಸಿದ್ದಾರೂಢ ಒಂದು ದೊಡ್ಡ ಟಿವಿ ಹಾಕಿಸಿದ್ದ. ಕಾಟಾದ ಮೇಲಿನ ತೂಕ ರಸ್ತೆಯಲ್ಲಿ ಹೋಗುವವರಿಗೂ ಕಾಣಬೇಕೆಂಬುದು ಅವನ ಆಸೆ. ಮನುಷ್ಯ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುವಾಗ ಅದಕ್ಕೆ ದೀಪವನ್ನೂ ಹಚ್ಚುತ್ತಾನೆ.

ಆಯಿ ಬಂದು ಹೊರಸಿನ ಮೇಲೆ ಕುಳಿತಳು. “ಬೋಣಿಗಿ ಮಾಡ್ಲೇನಾಯೀ?” ಎಂದ ಮದರಸಾಬ. “ಮಾಡಪಾ” ಎಂದು ಅವಳು ಕೈ ಚಾಚಿದಳು. ಮದರಸಾಬ ಹೊಸ ಪರದೆಯಲ್ಲಿ ಹುಡುಕಿದ, ಅಡಿವೆವ್ವ ಇಲ್ಲ. ಹೊಸದಾಗಿ ಬರೆಯಲು ಹೋದ. ಅದು ಮೊಬೈಲ್ ನಂಬರ್ ಕೇಳಿತು.

“ಆಯೀಗೆಲ್ಲೈತ್ರಿ ಮೊಬೈಲು? ನಂದ ಹಾಕ್ತೀನಿ” ಎಂದು ತನ್ನದನ್ನು ಹಾಕಿದ. ಅದು ಓಟಿಪಿ ಕಳಿಸಿದೆ ಎಂದಿತು. ಮದರಸಾಬ ಮೊಬೈಲನ್ನು ಮನೆಯಲ್ಲಿ ಚಾರ್ಜಿಗೆ ಹಾಕಿ ಬಂದಿದ್ದ. ಹೊರಗೆ ಟ್ರ್ಯಾಕ್ಟರುಗಳು ಹಾರ್ನು ಹೊಡೆಯತೊಡಗಿದವು. ಚಾಚಿದ ಕೈ ಚಾಚಿದಂತೆಯೇ ಇತ್ತು. ಆಮೇಲೆ ಆಯಿ ಅದನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡಳು.

“ನನ್ನ ತಗದೀರೇನಪಾ?” ಎಂದಳು ಸಿದ್ದಾರೂಢನನ್ನು ನೋಡಿ. ಬೈದಿದ್ದರೆ ಅವನು ಸಮಾಧಾನ ಹೇಳಬಹುದಿತ್ತು. ಅವಳು ಬೈಯಲಿಲ್ಲ. ಕೋಲೂರಿಕೊಂಡು ಒಳಗೆ ಹೋದಳು, ಬಾಗಿಲ ಅಗಳಿ ಬಿದ್ದ ಸದ್ದು ಕೇಳಿಸಿತು.

“ಇರಲಿ ಅಳಿಯಂದಿರ, ಸಂಜಿಮುಂದ ಸರಿ ಮಾಡಿರಂತ. ಗಾಡಿ ನಿಂತಾವು” ಎಂದ ಅಂದಾನೆಪ್ಪ. ಆದರೆ ಅವನ ಮುಖದಲ್ಲಿ ಬೆಳಗಿನ ಕಳೆ ಇರಲಿಲ್ಲ.

ಹಗಲೆಲ್ಲ ಒಂದರ ಹಿಂದೆ ಒಂದು ಗಾಡಿ ಹತ್ತಿ ಇಳಿದವು, ಖಾಲಿ ಕಾಟಾ ಏನು ತೋರಿಸುತ್ತದೆಂದು ನೋಡಲು ಯಾರಿಗೂ ಪುರುಸೊತ್ತಿರಲಿಲ್ಲ. ಚೀಟಿಗಳು ಸದ್ದಿಲ್ಲದೆ ಬಂದವು. ಸಂಜೆ ಹೊತ್ತಿಗೆ ಕಡಲೆ ವ್ಯಾಪಾರಿ ದಾದಾಪೀರ ನರಗುಂದದಿಂದ ಮೋಟರ್‌ಸೈಕಲ್ ಮೇಲೆ ಧೂಳೆಬ್ಬಿಸಿಕೊಂಡು ಬಂದ.

“ಅಂದಾನೆಪ್ಪಾರ, ನಿಮ್ಮ ಕಾಟಾದಾಗ ತೂಗಿಸಿ ಒಯ್ದ ಮಾಲು ನರಗುಂದ ಮಿಲ್ಲಿನ್ಯಾಗ ಎಂಬತ್ತ ಕಿಲೋ ಕಡಿಮಿ ಬಂತ್ರಿ! ಒಂದಲ್ಲ, ಕಳಿಸಿದ ಎಲ್ಲಾ ಗಾಡೀನೂ ಅಷ್ಟ ಕಡಿಮಿ! ನಿಮ್ಮ ಕಾಟಾ ಅಂದ್ರ ನಾ ಕಣ್ಣ ಮುಚ್ಚಿ ರೊಕ್ಕಾ ಕೊಡಾಂವ. ಮಿಲ್ಲಿನಾವ್ರು ನನ್ನ ಕಳ್ಳ ಅಂದ್ರು!”

ಎಲ್ಲರ ಕಣ್ಣೂ ಗೋಡೆಯ ಟಿವಿಯ ಕಡೆ ಹೋಯಿತು. ಕಾಟಾ ಖಾಲಿ ಇತ್ತು. ಟಿವಿಯಲ್ಲಿ ಮೊಳದುದ್ದದ ಅಂಕಿಯಲ್ಲಿ ಎಂಬತ್ತು ಎಂದಿತ್ತು.

“ಖಾಲಿ ಕಾಟಾದ ಮ್ಯಾಲೆ ಯಾರ ಕುಂತಾರ್ರಿ ಹಂಗಾರ?” ಎಂದ ದಾದಾಪೀರ.

“ಆಯಿ” ಎಂದ ಮದರಸಾಬ, ಸಣ್ಣ ದನಿಯಲ್ಲಿ.

“ಆಯಿ ನಲವತ್ತ ಕಿಲೋನೂ ಇಲ್ಲಲೇ!”

“ಸಿಟ್ಟಿನ ತೂಕಾನೂ ಹಿಡೀರಿ.”

ಯಾರೂ ನಗಲಿಲ್ಲ. ಅಲ್ಲಿದ್ದವರೆಲ್ಲ ಗಂಭೀರವಾಗಿ ತಲೆಯಾಡಿಸಿದರು. “ಸಿದ್ದಾರೂಢಪ್ಪಾ, ಏನಿದು?” ಎಂದ ಅಂದಾನೆಪ್ಪ. ಅಳಿಯಂದಿರು ಹೋಗಿ ಸಿದ್ದಾರೂಢಪ್ಪ ಬಂದಿದ್ದ. ಸಿದ್ದಾರೂಢ ಬೆವರುತ್ತ ಲ್ಯಾಪ್‌ಟಾಪು ತೆರೆದ. ಎಂಬತ್ತು ಹೆಚ್ಚು ಬರುತ್ತಿದೆ ತಾನೇ, ಎಂಬತ್ತು ಕಳೆದರಾಯಿತು ಎಂದು ಒಂದು ಸಾಲು ಬರೆದ. ಟಿವಿಯಲ್ಲಿ ಸೊನ್ನೆ ಬಂತು. ದಾದಾಪೀರ ಗೊಣಗುತ್ತ ಹೋದ. ಸಿದ್ದಾರೂಢ ಗಜೇಂದ್ರಗಡದ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ, ತಾನು ಅಷ್ಟೇನೂ ದಡ್ಡನಲ್ಲ ಎಂದುಕೊಂಡ.

ಗುರುವಾರ ಅಂದಾನೆಪ್ಪ ನಾಳೆ ಬರುವ ಬೀಗರಿಗೆಂದು ಕಾಟಾ ತೊಳೆಸಿದ. ಟ್ಯಾಂಕರ್ ನೀರು ತರಿಸಿ, ಸಲಿಕೆಯಿಂದ ಕೆರೆಸಿ, ಸುಗ್ಗಿಯುದ್ದಕ್ಕೂ ಟ್ರ್ಯಾಕ್ಟರ್ ಗಾಲಿಗಳಿಂದ ಉದುರಿ ಅಂಟಿಕೊಂಡಿದ್ದ ಕರಿಮಣ್ಣನ್ನೆಲ್ಲ ತೆಗೆಸಿದ. ಕಬ್ಬಿಣ ಫಳಫಳ ಹೊಳೆಯಿತು. ಅದರ ಮೇಲೆ ಮೊದಲು ಹತ್ತಿದ್ದು ಮೆಣಸಗಿಯ ರೈತ ಉಮೇಶನ ಟ್ರ್ಯಾಕ್ಟರು. ಅವನು ಚೀಟಿ ನೋಡಿದ, ತನ್ನ ಚೀಲಗಳನ್ನು ನೋಡಿದ, ಮತ್ತೆ ಚೀಟಿ ನೋಡಿದ. ಗಾಡಿ ಇಳಿಸಿ ಗೋಡೆಯ ಟಿವಿ ನೋಡಿದ. ಖಾಲಿ ಕಾಟಾ ಈಗ ಸೊನ್ನೆಗಿಂತ ಎಂಬತ್ತು ಕಿಲೋ ಕಡಿಮೆ ತೂಗುತ್ತಿತ್ತು.

“ನಿನ್ನಿ ದಾದಾಪೀರ ಸೇಟಂದು ಮುಳುಗಿಸಿದ್ರಿ, ಇವತ್ತ ನಂದು ಮುಳುಗಸ್ತೀರಿ!” ಎಂದು ಉಮೇಶ ಕೂಗಾಡಿದ. “ಈ ಕಾಟಾ ಏನ ಪಾಳಿ ಹಚ್ಚಿ ಕಡೀತೈತೇನ್ರಿ? ಖಾಲಿ ಇದ್ದದ್ದೂ ಸೊನ್ನಿಗಿಂತ ಕೆಳಗ ಹೋಗೂದ ಎಲ್ಲೆರ ಕೇಳೀರೇನು?”

“ನಿನ್ನಿ ಆಯಿ ಕುಂತಿದ್ಲು” ಎಂದು ವಿವರಿಸಿದ ಮದರಸಾಬ. “ಇವತ್ತ ಎದ್ದ ಹೋಗ್ಯಾಳ. ಹೋಗೂಮುಂದ ಸುಮ್ನ ಹೋಗಿಲ್ಲ.”

ಹಿಂದೆ ನಿಂತಿದ್ದ ಟ್ರ್ಯಾಕ್ಟರುಗಳು ಒಂದೊಂದಾಗಿ ತಿರುಗಿ ಬೇರೆ ಕಾಟಾದ ಕಡೆ ಹೊರಟವು. ಅಂದಾನೆಪ್ಪ ಅದನ್ನು ನೋಡುತ್ತ ನಿಂತ. ಬರಗಾಲದಲ್ಲಿ ಮಾಲಿಲ್ಲದೆ ಕಾಟಾ ಖಾಲಿ ಕುಳಿತದ್ದುಂಟು. ಮಾಲು ಬಾಗಿಲಿಗೆ ಬಂದು, ನಂಬಿಕೆಯಿಲ್ಲದೆ ತಿರುಗಿಹೋದದ್ದು ಅವನ ಜೀವಮಾನದಲ್ಲಿ ಇದೇ ಮೊದಲು. ಅವನಿಗೆ ಅಳು ಬಂದಿತ್ತು. ಅದನ್ನು ತಡೆಯಲು ಬಹಳ ಮೆಲ್ಲಗೆ ಮಾತಾಡಿದ.

“ತಮ್ಮಾ” ಎಂದ. ಸಿದ್ದಾರೂಢಪ್ಪನೂ ಹೋಗಿದ್ದ. “ದಾದಾಪೀರ ತೂಕ ಅಳತಿ ಸಾಹೇಬರಿಗೆ ಫೋನ್ ಹಚ್ಚ್ಯಾನ. ನಾಳಿ ಬರತಾರ. ನಾಳಿ ಈ ಕಾಟಾ ಖರೇ ಹೇಳಿದ್ರ ನಿಮ್ಮ ಮಂದಿ ನಮ್ಮ ಹುಡುಗಿ ಉಡಿ ತುಂಬ್ಲಿ. ಇಲ್ಲಾಂದ್ರ ಬಂದ ಗಾಡಿ ಹಂಗ ತಿರಗಲಿ. ನಮ್ಮ ನಂಬಿಕಿ ಕಳದವ್ರ ಮನಿಗೆ ಮಗಳನ್ನ ಹ್ಯಾಂಗ ಕೊಡ್ಲಿ?”

ಸಿದ್ದಾರೂಢ ಎಂಬತ್ತು ಕಳೆಯುವ ಸಾಲನ್ನು ಅಳಿಸಿದ. ಟಿವಿಯಲ್ಲಿ ಸೊನ್ನೆ ಬಂತು. ಈ ಸಲ ಅವನಿಗೇ ಅದರ ಮೇಲೆ ನಂಬಿಕೆ ಹುಟ್ಟಲಿಲ್ಲ. ಕಾಟಾದ ಹಿಂದಿನ ಮನೆಯ ಕಿಟಕಿಯಿಂದ ಶಾಂಭವಿ ಒಮ್ಮೆ ಇಣುಕಿ ಸರಿದಳು. ಅವಳ ಕಣ್ಣು ಕೆಂಪಾಗಿದ್ದದ್ದು ಅಲ್ಲಿಂದಲೂ ಕಂಡಿತು.

ಶುಕ್ರವಾರ ಬೀಗರ ಕ್ರೂಸರ್ ಗಾಡಿ ಹಾಡು ಹಚ್ಚಿಕೊಂಡು ಬಂತು. ನಿನ್ನೆ ತೊಳೆದ ನೀರಿನಿಂದ ಅಂಗಳವೆಲ್ಲ ಕೆಸರಾಗಿತ್ತು. ಕ್ರೂಸರ್ ಆ ಕೆಸರಲ್ಲಿ ಒಮ್ಮೆ ಹೂತು, ಎದ್ದು, ಸೀದಾ ಕಾಟಾದ ಮೇಲೇ ಹಾದು ಒಳಗೆ ನಿಂತಿತು. ನೀಲವ್ವ ರೇಷ್ಮೆ ಸೀರೆ ಎತ್ತಿ ಹಿಡಿದು ಇಳಿದವಳು ಗೋಡೆಯ ಟಿವಿ ನೋಡಿ, “ಅಗಾ, ನಮ್ಮ ಸಿದ್ದೂ ಮಾಡಿದ್ದು! ಇಪ್ಪತ್ತ ಅಂತ ಎಷ್ಟ ಚಂದ ಬಂದೈತಿ!” ಎಂದಳು.

ಕಾಟಾ ಖಾಲಿ ಇತ್ತು.

ಒಳಗೆ ಹೋಳಿಗೆ ಮಗುಚುವ ಸದ್ದು ಅಂಗಳಕ್ಕೆ ಕೇಳಿಸಿತು. ತೂಕ ಅಳತೆಯ ಸಾಹೇಬರು ಆಗಲೇ ಬಂದು ಕುರ್ಚಿಯಲ್ಲಿ ಕುಳಿತಿದ್ದರು. ಚಹಾ ಕೊಟ್ಟರೆ ಬೇಡವೆಂದಿದ್ದರು, ಅದೊಂದೇ ಎಲ್ಲರನ್ನೂ ಹೆದರಿಸಲು ಸಾಕಿತ್ತು. ಅವರ ಜತೆ ಬಂದ ಗಾಡಿಯಲ್ಲಿ ಇಲಾಖೆಯ ಕಬ್ಬಿಣದ ತೂಕದ ಕಲ್ಲುಗಳಿದ್ದವು. “ಖಾಲಿ ಇದ್ದಾಗನ ಇಪ್ಪತ್ತ ತೋರಸ್ತೈತಿ. ನಾ ಕಲ್ಲ ಇಳಿಸೂದರೇ ಯಾಕ?” ಎಂದರು ಸಾಹೇಬರು. ದಾದಾಪೀರ ಒಂದು ಕಡೆ, ಉಮೇಶ ಒಂದು ಕಡೆ, ಇಬ್ಬರೂ ಕೈಕಟ್ಟಿ ನಿಂತಿದ್ದರು. ನಿಶ್ಚಯಕ್ಕೆ ಬಂದಿದ್ದ ಅಯ್ಯನವರು ಗಡಿಯಾರ ನೋಡಿ, “ಮುಹೂರ್ತ ಬಂತ್ರಿ” ಎಂದರು.

“ಏ ಹುಡುಗಾ!” ಎಂದ ಅಂದಾನೆಪ್ಪ.

ಇದಕ್ಕಿಂತ ಕೆಳಗೆ ಇನ್ನು ಮೆಟ್ಟಿಲಿರಲಿಲ್ಲ.

ಸಿದ್ದಾರೂಢನ ಕಣ್ಣು ಕಾಟಾದ ಮೇಲಿನ ಕೆಸರಿನ ಗಾಲಿಗುರುತಿನ ಮೇಲೆ ನಿಂತಿತು. ಮೊನ್ನೆ ಮಣ್ಣಿತ್ತು, ಎಂಬತ್ತು. ನಿನ್ನೆ ತೊಳೆದರು, ಎಂಬತ್ತು ಮಾಯ. ಇವತ್ತು ಕೆಸರು ಬಂತು, ಇಪ್ಪತ್ತು. ಹಾಗಾದರೆ ಖಾಲಿ ಕಾಟಾ ಯಾವತ್ತೂ ಖಾಲಿ ಇರುವುದಿಲ್ಲ! ಮತ್ತೆ ಇಷ್ಟು ವರ್ಷ ಆ ಹಳೆಯ ಕಂಪ್ಯೂಟರ್ ಇದಕ್ಕೆ ಏನು ಮಾಡುತ್ತಿತ್ತು? ಅವನು ಹೊಸ ಅಂಗಿಯಲ್ಲೇ ಉಳ್ಳಾಗಡ್ಡಿ ಕೋಣೆಗೆ ನುಗ್ಗಿ ಅದನ್ನು ಅಪ್ಪಿಕೊಂಡು ಹೊರಗೆ ತಂದ. ನೀಲವ್ವ ಅಂಗಿಯ ಗತಿ ಕಂಡು ಕಣ್ಣು ಮುಚ್ಚಿಕೊಂಡಳು. ವೈರು ಜೋಡಿಸಿದರು. ಅದು ಎಂಬತ್ತನೆಯ ಇಸವಿಯಲ್ಲಿ ಎದ್ದಿತು. ಮದರಸಾಬ ತಾರೀಖು ಕುಟ್ಟಿದ. ಪರದೆಯಲ್ಲಿ ಅಲ್ಲೂ ಇಪ್ಪತ್ತು!

ಸಿದ್ದಾರೂಢ ದಾದಾಪೀರನ ಹೆಸರು ಹಾಕಿದ. ಅದು ಕೀಕ್ ಎಂದು ಕೂಗಿ ನಿಂತಿತು. ಉಮೇಶನ ಹೆಸರು ಹಾಕಿದ. ಮತ್ತೆ ಕೀಕ್.

“ಕೆಟ್ಟೈತಿ” ಎಂದರು ಸಾಹೇಬರು.

“ಕೆಟ್ಟಿಲ್ರಿ, ಬೋಣಿಗಿ ಆಗಿಲ್ಲ” ಎಂದ ಮದರಸಾಬ. “ಆಯೀ ಹೆಸರ ಹಾಕಲಾರ್ದ ಅದು ಯಾರ್ನೂ ತೂಗೂದಿಲ್ಲ. ಅಷ್ಟ ಭಕ್ತಿ ಅದಕ್ಕ.”

ಸಿದ್ದಾರೂಢ ಒಂದೇ ಬೆರಳಿನಿಂದ ಅಡಿವೆವ್ವ ಎಂದು ಒಂದೊಂದೇ ಅಕ್ಷರ ಒತ್ತಿದ. ಪ್ರಿಂಟರು ಹಲ್ಲು ಕಡಿಯಿತು. ಚೀಟಿ ಬಂತು, ತೂಕ ಸೊನ್ನೆ. ಮತ್ತು ಅದೇ ಗಳಿಗೆಗೆ ಪರದೆಯಲ್ಲಿದ್ದ ಇಪ್ಪತ್ತು ಬಿದ್ದು ಸೊನ್ನೆಯಾಯಿತು. ಕಾಟಾದ ಮೇಲಿನ ಕೆಸರು ಎಲ್ಲಿಯೂ ಹೋಗಿರಲಿಲ್ಲ.

“ಭಕ್ತಿ ಅಲ್ರೀ!” ಎಂದು ಸಿದ್ದಾರೂಢ ಚೀರಿದ. “ಇವತ್ತ ಎಷ್ಟ ಮಣ್ಣ ಐತೋ ಅಷ್ಟ ಇವತ್ತಿನ ಸೊನ್ನಿ! ಆಯೀ ಹೆಸರ ಒತ್ತಿದ ಕೂಡ್ಲೆ ಅದು ಸೊನ್ನಿ ಹಿಡೀತೈತಿ! ದಿನಾ ಮುಂಜಾನಿ!”

ಸಾಹೇಬರು ಮೊದಲ ಬಾರಿಗೆ ಕುರ್ಚಿಯಿಂದ ಎದ್ದರು. ಕಾಟಾದ ಯಂತ್ರಕ್ಕೆ ಸೊನ್ನೆ ಮಾಡುವ ಗುಂಡಿಯೇ ಇರಬೇಕಲ್ಲ ಎಂದು ಕೇಳಿದರು. ಅದು ಬಹಳ ಹಿಂದೆಯೇ ಮುರಿದಿತ್ತು. ಇದ್ದಾಗಲೂ ದಿನಾ ಒತ್ತಲು ನೆನಪಾಗುತ್ತಿರಲಿಲ್ಲ ಎಂದು ಮದರಸಾಬ ಪ್ರಾಮಾಣಿಕವಾಗಿ ಒಪ್ಪಿಕೊಂಡ. ಶಿವನಪ್ಪ ಮಾಸ್ತರರು ಕಂಪ್ಯೂಟರಿಗಿಂತ ಹೆಚ್ಚಾಗಿ ಮನುಷ್ಯರನ್ನು ಬಲ್ಲವರಾಗಿದ್ದರು. ಗುಂಡಿ ಮರೆಯುವವನು ಅವ್ವನನ್ನು ಮರೆಯಲಾರ ಎಂದು ಅವರು ಲೆಕ್ಕ ಹಾಕಿದ್ದರು.

ಜನ ಹೋ ಎಂದರು. ಆ ಹೋ ಮುಗಿಯುವುದರೊಳಗೆ ಹಳೆಯ ಕಂಪ್ಯೂಟರಿನ ಬೆನ್ನಿನಿಂದ ಒಂದು ಎಳೆ ಹೊಗೆ ಎದ್ದಿತು. ಪರದೆ ಕಪ್ಪಾಯಿತು. ಮದರಸಾಬ ಮುಟ್ಟಿ ನೋಡಿ, ಮೇಲಿನ ಅರಿವೆಯನ್ನು ಪೂರಾ ಹೊದಿಸಿದ.

“ಸತ್ತದ್ದಕ್ಕ ಮುದ್ರಿ ಹಾಕಾಕ ಬರೂದಿಲ್ಲ” ಎಂದರು ಸಾಹೇಬರು. “ಹೊಸಾದರಾಗ ತೋರಸ್ರಿ.”

ಸಿದ್ದಾರೂಢ ಲ್ಯಾಪ್‌ಟಾಪಿನ ಮುಂದೆ ಕುಳಿತ. ಅವನ ಬೆನ್ನ ಹಿಂದೆ ಬೀಗರು, ವ್ಯಾಪಾರಿ, ರೈತ, ಅಯ್ಯನವರು, ಸರಕಾರ, ಎಲ್ಲರೂ ಬಗ್ಗಿ ನಿಂತರು. ಒಬ್ಬ ಪ್ರೋಗ್ರಾಮರು ಇಷ್ಟು ಜನರ ಬಿಸಿಯುಸಿರು ಕುತ್ತಿಗೆಗೆ ತಾಗಿಸಿಕೊಂಡು ಬರೆದದ್ದು ಇತಿಹಾಸದಲ್ಲಿ ಇನ್ನೊಂದಿರಲಾರದು. “ಸಿದ್ದೂ, ದುಂಡಗ ಬರಿಯಪಾ” ಎಂದಳು ನೀಲವ್ವ. “ಮುಹೂರ್ತ ಹೊಂಟಿತ್ರಿ” ಎಂದರು ಅಯ್ಯನವರು. ಅವನು ಒಂದು ಗುಂಡಿ ಮಾಡಿದ. ಅದರ ಮೇಲೆ ‘ಸೊನ್ನೆ’ ಎಂದು ಬರೆದ. ಮದರಸಾಬನ ಮುಖ ನೋಡಿದ. ಅದನ್ನು ಅಳಿಸಿ ‘ಅಡಿವೆವ್ವ’ ಎಂದು ಬರೆದ. ಓಟಿಪಿಯನ್ನು ಕಿತ್ತುಹಾಕಿದ. ಅವನ ಜೀವನದಲ್ಲಿ ಉಪಯೋಗಕ್ಕೆ ಬರುವ ಗುಂಡಿ ಇದೇ ಮೊದಲನೆಯದು, ಇದರ ಬಣ್ಣದ ಬಗ್ಗೆ ಒಬ್ಬರೂ ತಕರಾರು ಮಾಡಲಿಲ್ಲ.

“ಒತ್ತು ಮದರಸಾಬ” ಎಂದ ಅಂದಾನೆಪ್ಪ.

ಮದರಸಾಬ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. “ಆಯಿ ಕುಂತಿಲ್ರಿ ಹೊರಸಿನ ಮ್ಯಾಲೆ. ಅಕೀನ್ನ ಕೇಳಲಾರ್ದ ನಾ ಎಂದೂ ಒತ್ತಿಲ್ಲ. ಸಾಹೇಬರು ಜೇಲಿಗೆ ಹಾಕಿದ್ರೂ ಒತ್ತೂದಿಲ್ಲ.”

ಆಯಿ ಬುಧವಾರದಿಂದ ಬಾಗಿಲು ತೆರೆದದ್ದು ಊಟಕ್ಕೆ ಮಾತ್ರ. ಮಗ ಹೋಗಿ ಕರೆದ, ಬರಲಿಲ್ಲ. ಅಯ್ಯನವರು ಕರೆದರು, “ಟಿವೀ ಕೇಳ್ರಿ” ಎಂದು ಒಳಗಿನಿಂದ ಉತ್ತರ ಬಂತು. ಕಡೆಗೆ ಸಿದ್ದಾರೂಢ ಹೋಗಿ ಬಾಗಿಲ ಮುಂದೆ ನಿಂತ. ಏನೇನೋ ಹೇಳಬೇಕೆಂದು ಹೋದವನಿಗೆ ಆ ಚಾಚಿದ ಕೈ ಕಣ್ಣ ಮುಂದೆ ಬಂತು.

“ಆಯೀ, ನಿಮ್ಮ ಚೀಟಿ ನನಗ ಕಸಾ ಅನಿಸಿತ್ರಿ. ಯಾರ್ನೂ ಕೇಳಲಾರ್ದ ತಗದೆ. ತಪ್ಪಾತು.”

ಬಾಗಿಲ ಹಿಂದಿನಿಂದಲೇ ಮಾತು ಬಂತು.

“ಸೊನ್ನಿ ಅಂದ್ರ ಏನಂತ ತಿಳಕೊಂಡಿಪಾ? ನಂಗ ಓದಾಕ ಬರೂದಿಲ್ಲ. ಆದ್ರ ಅದೊಂದ ಗುರುತ ಸಿಗತಿತ್ತು, ದುಂಡಗ. ಅದನ್ನ ನೋಡಿ, ಯಾರದೂ ಒಂದ ಕಾಳ ನಮ್ಮ ಮೈಮ್ಯಾಲಿಲ್ಲ, ಇನ್ನ ವ್ಯಾಪಾರ ಸುರು ಮಾಡಬೌದು ಅಂತ ಸಮಾಧಾನ ಆಕ್ಕಿತ್ತು. ಎರಡ ದಿನಾ ಅದಿಲ್ಲದ ನುಂಗಿದ ತುತ್ತು ಇಳೀವಲ್ದು.”

“ಬರ್ರಿ ಆಯೀ, ಬೋಣಿಗಿ ಆಗಿಲ್ಲ” ಎಂದಷ್ಟೇ ಹೇಳಿದ ಸಿದ್ದಾರೂಢ.

ಅಗಳಿ ತೆಗೆದ ಸದ್ದಾಯಿತು. ಶಾಂಭವಿ ಓಡಿಬಂದು ಒಂದು ಕೈ ಹಿಡಿದಳು. ಇನ್ನೊಂದು ಕೈಯಲ್ಲಿ ಕೋಲು. ಆಯಿ ಹೊರಸಿನ ಮೇಲೆ ಕುಳಿತು ಸೆರಗು ಸರಿಮಾಡಿಕೊಂಡಳು.

“ಬೋಣಿಗಿ ಮಾಡ್ಲೇನಾಯೀ?” ಎಂದ ಮದರಸಾಬ.

“ಮಾಡಪಾ.”

ಗೋಡೆಯ ಮೇಲಿನ ಇಪ್ಪತ್ತು ಬಿದ್ದು ದುಂಡನೆಯ ಸೊನ್ನೆ ಬಂತು, ಮೊಳದುದ್ದದ್ದು, ರಸ್ತೆಗೂ ಕಾಣುವಂಥದು. ಸಾಹೇಬರು ತಮ್ಮ ಕಲ್ಲುಗಳನ್ನು ಇಳಿಸಿದರು, ಏರಿಸಿದರು, ಮೂಲೆಮೂಲೆಗೆ ಇಟ್ಟು ನೋಡಿದರು. ಒಂದು ಕಡ್ಡಿಯಷ್ಟೂ ವ್ಯತ್ಯಾಸ ಬರಲಿಲ್ಲ. ದಾದಾಪೀರ ಮತ್ತು ಉಮೇಶ ಇಬ್ಬರಿಗೂ ತಪ್ಪಿದ ತೂಕ ಸರಿಮಾಡಿಕೊಡುವುದೆಂದಾಯಿತು. ಸಾಹೇಬರು ಮುದ್ರೆ ಒತ್ತಿ, “ಈಗ ಆ ಚಾ ತರ್ರಿ” ಎಂದರು. ಆ ಮಾತು ಕೇಳಿ ಅಂಗಳಕ್ಕೆ ಅಂಗಳವೇ ಉಸಿರು ಬಿಟ್ಟಿತು.

ಅಂದಾನೆಪ್ಪ ಸಿದ್ದಾರೂಢನ ಹತ್ತಿರ ಬಂದ. ಏನೋ ಹೇಳಲು ಹೋಗಿ, ಮೂಗು ಒರೆಸಿಕೊಂಡು, ಅವನ ಹೆಗಲ ಮೇಲಿನ ಉಳ್ಳಾಗಡ್ಡಿ ಸಿಪ್ಪೆ ಕೊಡವಿದ. “ಕೈಕಾಲ ತೊಳಕೊಂಡ ಬರ್ರಿ, ಅಳಿಯಂದಿರ” ಎಂದ.

ಮುಹೂರ್ತ ಮುಗಿದುಹೋಗಿತ್ತು. ಅಯ್ಯನವರು ಹೋಳಿಗೆಯ ವಾಸನೆ ಬರುತ್ತಿದ್ದ ದಿಕ್ಕಿಗೊಮ್ಮೆ ನೋಡಿ ಇನ್ನೊಂದನ್ನು ಹುಡುಕಿಕೊಟ್ಟರು. ಉಡಿ ತುಂಬಿದರು. ಹೆಂಗಸರು ಶಾಂಭವಿಗೆ ಅರಿಶಿಣ ಕುಂಕುಮ ಹಚ್ಚುವ ಗಡಿಬಿಡಿಯಲ್ಲಿ ಅವಳ ಗಲ್ಲದ ಮೇಲೆ ಒಂದು ಅರಿಶಿಣದ ಗೆರೆ ಎಳೆದುಬಿಟ್ಟಿದ್ದರು. ಇಬ್ಬರನ್ನೂ ಅಕ್ಕಪಕ್ಕ ಕೂರಿಸಿದಾಗ ಸಿದ್ದಾರೂಢನಿಗೆ ಅದೊಂದೇ ಕಾಣತೊಡಗಿತು. ಐದು ದಿನಗಳ ವಿದ್ಯಾಭ್ಯಾಸ ಅವನಲ್ಲಿ ವ್ಯರ್ಥವಾಗಿರಲಿಲ್ಲ. ಅವಳ ಕಡೆ ಬಾಗಿ ಪಿಸುಗುಟ್ಟಿದ:

“ಗಲ್ಲದ ಮ್ಯಾಲೆ ಅರಿಶಿಣ ಹತ್ತೇತ್ರಿ. ಅಳಸ್ಲೇನ್ರಿ?”

ಶಾಂಭವಿ ತಲೆ ತಗ್ಗಿಸಿ ನಕ್ಕಳು. ಅವಳು ಉತ್ತರ ಕೊಡುವ ಮೊದಲೇ ಹೊರಸಿನ ಮೇಲಿನಿಂದ, ಆ ದಿನದ ಚೀಟಿಯಲ್ಲಿ ತಂಬಾಕು ಕಟ್ಟುತ್ತಿದ್ದ ಆಯಿಯ ದನಿ ಇಡೀ ಅಂಗಳಕ್ಕೆ ಕೇಳಿಸಿತು.

“ಮುಟ್ಟಬ್ಯಾಡ ತಮ್ಮಾ! ಅದೂ ಕಸಾ ಅಲ್ಲ!”